ಸದ್ದಿಲ್ಲದ ಕೋಣೆಗೆ ಬಂದ ದನಿ

ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಎಕ್ಸ್‌ರೇ ವಿಭಾಗವನ್ನೂ ದಾಟಿ ಮುಂದೆ ಹೋದರೆ, ಗೋಡೆಗೆ ಒತ್ತಿ ನಿಲ್ಲಿಸಿದ ದೊಡ್ಡ ಬೀರುವಿನಂಥ ಒಂದು ಕೋಣೆಯಿತ್ತು. ಅದಕ್ಕೆ ಒಂದರ ಹಿಂದೆ ಒಂದು ಎರಡು ಬಾಗಿಲು, ಒಂದೊಂದೂ ಅಂಗೈಯಗಲ ದಪ್ಪ. ಒಳಗೆ ಒಂದು ಕುರ್ಚಿ, ಒಂದು ಜೋಡಿ ಹೆಡ್‌ಫೋನ್, ವೈರಿನ ತುದಿಯಲ್ಲಿ ಒಂದು ಗುಂಡಿ. ಕಿವಿ ಪರೀಕ್ಷೆಗೆ ಬಂದವರನ್ನು ಅಲ್ಲಿ ಕೂರಿಸಿ ಬಾಗಿಲು ಮುಚ್ಚಿದರೆ ಹೊರಗಿನ ಸದ್ದೆಲ್ಲ ಕತ್ತರಿಸಿಟ್ಟಂತೆ ನಿಂತುಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ಕೂತವರಿಗೆ ತಮ್ಮ ಎದೆಬಡಿತ ಕೇಳಿಸುತ್ತಿತ್ತು. ಇನ್ನೂ ಸ್ವಲ್ಪ ಹೊತ್ತಿಗೆ ಕತ್ತು ಹೊರಳಿಸಿದಾಗ ಮೂಳೆ ತಿಕ್ಕುವ ಸದ್ದೂ ಕೇಳಿಸುತ್ತಿತ್ತು. ಹೊರಗೆ ಬಂದವರಲ್ಲಿ ಹತ್ತಕ್ಕೊಬ್ಬರಾದರೂ ಹಿಂದಿರುಗಿ ನೋಡಿ, ಒಳಗೆ ಇನ್ನೊಬ್ಬರು ಇದ್ದರೇ ಎಂದು ಕೇಳುವುದಿತ್ತು.

ಆ ಕೋಣೆಯ ಗಾಜಿನ ಕಿಟಕಿಯ ಈಚೆ ಮೂವತ್ತೊಂದು ವರ್ಷ ಕುಳಿತು ಯಂತ್ರ ತಿರುಗಿಸಿದ ಹೆಂಗಸನ್ನು ಎಲ್ಲರೂ ಕಿವಿಯಮ್ಮ ಎನ್ನುತ್ತಿದ್ದರು. ತೆಳ್ಳನೆಯ ಮೈ, ಮೆಲುಮಾತು. ಕೆಲಸ ಏನೆಂದು ಯಾರಾದರೂ ಕೇಳಿದರೆ, ಊರವರ ಕಿವಿ ಹಿಂಡುವ ಕೆಲಸ, ಸಂಬಳ ಕೊಟ್ಟು ಮಾಡಿಸುತ್ತಾರೆ ಎಂದು ನಗುತ್ತಿದ್ದಳು. ಆಕೆ ಯಂತ್ರದಿಂದ ಸಣ್ಣ ಸದ್ದು ಕೊಡುವುದು, ಒಳಗಿನವರಿಗೆ ಕೇಳಿಸಿದರೆ ಗುಂಡಿ ಒತ್ತುವುದು, ಆಗ ಆಕೆಯ ಮುಂದೆ ಒಂದು ಹಸಿರು ದೀಪ ಹೊತ್ತಿಕೊಳ್ಳುವುದು. ಬಲಗಿವಿಗೆ ಹಾಳೆಯ ಮೇಲೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಇಂಟು ಗುರುತು. ಇಷ್ಟೇ ಕೆಲಸ. ಯಾರನ್ನೂ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಒಳಗೆ ಕೂರಿಸಬಾರದು ಎಂಬುದು ಆಕೆಯದೇ ಕಟ್ಟಳೆ.

ಆಕೆಯ ಬೀಗದ ಕೈ ಗೊಂಚಲಿನಲ್ಲಿ ಒಂದು ಸಣ್ಣ ಮರದ ಶಿಲುಬೆ ಇತ್ತು. ಅದರಾಚೆಗೆ ತನ್ನ ನಂಬಿಕೆಯ ಮಾತನ್ನು ಆಕೆ ಕೆಲಸದ ಜಾಗದಲ್ಲಿ ತಾನಾಗಿ ಎತ್ತುತ್ತಿರಲಿಲ್ಲ. ಅವಳ ಚರ್ಚಿನ ಸಭೆಯವರಿಗೆ ಇದೊಂದು ಅಸಮಾಧಾನ. ದಿನಕ್ಕೆ ಮೂವತ್ತು ಜನ ಮುಂದೆ ಬಂದು ಕೂರುತ್ತಾರೆ, ಒಬ್ಬರಿಗಾದರೂ ಸುವಾರ್ತೆ ಸಾರಿದ್ದೀಯಾ ಎಂದು ಹಿರಿಯರು ಕೇಳುತ್ತಿದ್ದರು. ಕಿವಿ ಕೇಳಿಸುವುದಿಲ್ಲ ಎಂದೇ ಬಂದವರಿಗೆ ಏನಂತ ಸಾರಲಿ ಎಂದು ಆಕೆ ಮಾತು ತೇಲಿಸಿಬಿಡುತ್ತಿದ್ದಳು.

ತಮಾಷೆಯ ಹಿಂದೆ ಬೇರೊಂದು ಕಾರಣವಿತ್ತು. ಆಕೆಗೆ ಎರಡು ವರ್ಷ ಚಿಕ್ಕವನಾದ ಒಬ್ಬ ತಮ್ಮನಿದ್ದ. ಹತ್ತೊಂಬತ್ತಕ್ಕೆ ಬರುವಾಗ ಅವನಿಗೆ ಯಾರದೋ ದನಿ ಕೇಳಿಸತೊಡಗಿತು. ಆಗಿನ ಸಭೆಯ ಹಿರಿಯರು ಒಂದು ವಾರ ಅದನ್ನು ದೇವರ ಕರೆ ಎಂದರು, ಮರುವಾರ ಪಿಶಾಚಿ ಎಂದರು, ಎರಡೂ ವಾರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಡಾಕ್ಟರ ಹತ್ತಿರ ಕರೆದೊಯ್ಯಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ಒಂದು ಮಧ್ಯಾಹ್ನ ಅವನು ಅರ್ಧ ಉಂಡ ತಟ್ಟೆಯ ಮುಂದಿನಿಂದ ಎದ್ದು, ಖಾಲಿ ಬಾಗಿಲ ಕಡೆ ನೋಡಿ, "ಬಂದೆ" ಎಂದ. ಚಪ್ಪಲಿ ಮೆಟ್ಟದೆ ಹೋದವನು ಹಿಂದಿರುಗಲಿಲ್ಲ. ಅವಳು ಕಿವಿಯ ಓದು ಓದಿದ್ದೇ ಅದಾದ ಮೇಲೆ. ಮದುವೆಯಾಗಲಿಲ್ಲ, ತಾಯಿಯ ಜೊತೆ ಉಳಿದಳು. ಇಡೀ ಊರಿನ ಕಿವಿ ಪರೀಕ್ಷಿಸುವವಳ ತಾಯಿಗೆ ಕಿವಿ ಪೂರಾ ಮಂದ. ಯಂತ್ರ ಹಾಕಿಕೋ ಎಂದು ಮಗಳು ಬೇಡಿಕೊಂಡರೆ ಮುದುಕಿ ಒಪ್ಪುತ್ತಿರಲಿಲ್ಲ. ತನಗೆ ಬೇಕಾದ್ದು ಕೇಳಿಸುತ್ತದೆ ಎನ್ನುತ್ತಿದ್ದಳು.

ಕ್ರೇನಿನವನು ಬಂದದ್ದು ಒಂದು ಬೆಳಗ್ಗೆ ಹತ್ತು ಗಂಟೆಗೆ. ಎತ್ತರದ ಕಟ್ಟಡ ಕಟ್ಟುವಲ್ಲಿ ನಿಲ್ಲಿಸುತ್ತಾರಲ್ಲ, ಆ ಗೋಪುರದಂಥ ಕ್ರೇನಿನ ಚಾಲಕ. ವರ್ಷಕ್ಕೊಮ್ಮೆ ಕಣ್ಣು ಕಿವಿ ಸರಿಯಾಗಿವೆ ಎಂಬ ಸರ್ಟಿಫಿಕೇಟು ಕೊಡಬೇಕೆಂದು ಕಂಪನಿಯವರು ಕಳಿಸಿದ್ದರು. ನಲವತ್ತರ ಆಸುಪಾಸು, ಅಗಲ ಭುಜ, ಬಿಸಿಲಿಗೆ ಕಿರಿದು ಮಾಡಿ ಮಾಡಿ ಹಾಗೇ ಉಳಿದುಹೋದ ಕಣ್ಣು.

ಬಲಗಿವಿ ಚೊಕ್ಕವಾಗಿತ್ತು. ಎಡಗಿವಿಯೂ ಹಾಗೆಯೇ ಸಾಗುತ್ತಿತ್ತು. ನಡುವೆ ಕಿವಿಯಮ್ಮ ಪೆನ್ನಿನ ಮುಚ್ಚಳ ಹುಡುಕಲು ಯಂತ್ರದಿಂದ ಕೈ ತೆಗೆದಳು. ಹಸಿರು ದೀಪ ಹೊತ್ತಿಕೊಂಡಿತು.

ಆಕೆ ಸದ್ದು ಕೊಟ್ಟಿರಲಿಲ್ಲ. ಬೆರಳು ತಪ್ಪಿ ಒತ್ತಿರಬೇಕು ಎಂದುಕೊಂಡಳು. ದೀಪ ಆರಿತು. ಸ್ವಲ್ಪ ಹೊತ್ತಿಗೆ ಮತ್ತೆ ಹೊತ್ತಿಕೊಂಡಿತು. ಆಕೆ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಗಾಜಿನಾಚೆ ನೋಡಿದಳು. ಕ್ರೇನಿನವನು ಕಣ್ಣು ಮುಚ್ಚಿರಲಿಲ್ಲ. ಎಡಗಡೆಯ ಗೋಡೆಯತ್ತ, ಅಲ್ಲಿ ನಿಂತವರ ಮುಖ ನೋಡುವ ಹಾಗೆ, ಕತ್ತು ಎತ್ತಿ ನೋಡುತ್ತಿದ್ದ. ಮತ್ತೆ ಒತ್ತಿದ. ಒಟ್ಟು ಏಳು ಸಲ. ಯಾರೋ ಕರೆದು, ಓಗೊಡುತ್ತಾರೋ ಎಂದು ಕಾದು, ಮತ್ತೆ ಕರೆದಷ್ಟು ಅಂತರದಲ್ಲಿ.

ಹೊರಗೆ ಕರೆದು, ಸದ್ದು ಕೇಳಿಸಿದಾಗ ಮಾತ್ರ ಒತ್ತಲು ಹೇಳಿದ್ದೆ ಎಂದಳು. ಕೇಳಿಸಿದಾಗಲೇ ಒತ್ತಿದ್ದು ಎಂದ ಅವನು.

"ನಾನು ಏನೂ ಕೊಟ್ಟಿರಲಿಲ್ಲ."

ಅವನು ತೆರೆದೇ ಇದ್ದ ಬಾಗಿಲನ್ನು ಒಮ್ಮೆ ನೋಡಿದ. "ಹಾಗಾದ್ರೆ ಇಲ್ಲಿಗೂ ಬಂದಿದೆ" ಎಂದ.

ಆಮೇಲೆ ಒಂದೊಂದಾಗಿ ಹೊರಬಿತ್ತು. ನಾಲ್ಕು ತಿಂಗಳಾಗಿತ್ತು. ನೆಲದಿಂದ ನಲವತ್ತು ಮೀಟರ್ ಮೇಲೆ, ಒಬ್ಬನೇ ಕೂರುವ ಗಾಜಿನ ಗೂಡಿನಲ್ಲಿ, ಎಡಗಿವಿಯ ಹಿಂದೆ ಒಂದು ದನಿ. ಅದಕ್ಕೆ ಮುಂಚೆ ಸುಟ್ಟ ಕಬ್ಬಿಣದ ವಾಸನೆ ಬರುತ್ತದೆ, ಬೆಳಕು ಗಟ್ಟಿಯಾದ ಹಾಗಾಗುತ್ತದೆ. ಬಯ್ಯುವುದಿಲ್ಲ, ಹೆದರಿಸುವುದಿಲ್ಲ. ಬಹಳ ವರ್ಷದಿಂದ ಬಲ್ಲವರು ಹೇಳುವ ಹಾಗೆ "ಇಳಿದು ಬಾ" ಎನ್ನುತ್ತದೆ. ಹಿಂದಿನ ವಾರ ಎಚ್ಚರವಾದಾಗ ಮುಂದಿನ ಗಾಜು ತೆರೆದಿತ್ತು, ಅವನ ಒಂದು ಕಾಲು ಹೊರಗಿತ್ತು. ಏಣಿ ಇರುವುದು ಹಿಂದೆ.

ಕೇಳಬೇಕಾದವರನ್ನೆಲ್ಲ ಕೇಳಿದ್ದ. ಹೆಂಡತಿಗೆ ಹೇಳದೆ ಊರೂರು ಸುತ್ತಿದ್ದ. ಒಬ್ಬರು ಸತ್ತ ಅಪ್ಪ ಎಂದಿದ್ದರು, ಒಬ್ಬರು ಹಿಂದಿನ ಜನ್ಮ ಎಂದಿದ್ದರು, ಒಬ್ಬರು ನಿನಗೆ ಯೋಗವಿದೆ, ಕೆಲಸ ಬಿಟ್ಟು ನನ್ನ ಜೊತೆ ಇರು ಎಂದಿದ್ದರು. ಹೇಳುತ್ತಾ ಹೇಳುತ್ತಾ ಅವನ ಕಣ್ಣು ಮೇಜಿನ ಮೇಲಿದ್ದ ಬೀಗದ ಕೈ ಗೊಂಚಲಿಗೆ ಬಿತ್ತು.

"ಮೇಡಂ, ಕರೀತಿರೋದು ನಿಮ್ಮವರಾ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಬರುವ ಭಾನುವಾರವೇ ಅವನು ಚರ್ಚಿನ ಮುಂದಿನ ಬೆಂಚಿನಲ್ಲಿರುತ್ತಿದ್ದ. ಹಸಿದವನ ಮುಂದೆ ಅನ್ನ ಹಿಡಿದು ನಿಂತಂತಾಯಿತು ತನಗೆ ಎಂದು ಆಕೆ ಎಷ್ಟೋ ದಿನದ ಮೇಲೆ ಹೇಳಿಕೊಂಡಳು. ಆದರೆ ಆ ಅನ್ನ ತಾನು ಬೇಯಿಸಿದ್ದಲ್ಲ, ಅದರಲ್ಲಿ ಏನು ಬೆರೆತಿದೆಯೋ ಗೊತ್ತಿಲ್ಲ.

"ಗೊತ್ತಿಲ್ಲ" ಎಂದಳು. "ಒಂದು ಮಾತ್ರ ಹೇಳಬಲ್ಲೆ. ನಾನು ನಂಬಿರೋ ಯೇಸು 'ಇಳಿದು ಬಾ' ಅಂತ ಮೇಲಿರೋನನ್ನ ಬೀಳಿಸೋರಲ್ಲ. ಬಿದ್ದೋರನ್ನ ಹುಡುಕಿಕೊಂಡು ತಾವೇ ಇಳಿದು ಬಂದೋರು. ನಿಮ್ಮ ಕಾಲನ್ನ ಕಿಟಕಿಯಿಂದ ಹೊರಗೆ ಇಡಿಸೋ ದನಿಗೆ ಅವರ ಹೆಸರು ಇಡೋಕೆ ನನ್ನ ಕೈಲಾಗಲ್ಲ."

ಆಮೇಲೆ ಹಾಳೆಯ ಕೆಳಗೆ, ಮೆದುಳಿನ ಡಾಕ್ಟರು ನೋಡುವ ತನಕ ಎತ್ತರದ ಕೆಲಸ ಕೂಡದು ಎಂದು ಬರೆದು ಸಹಿ ಹಾಕಿದಳು. ಕ್ರೇನಿನವನ ಮುಖ ಕಪ್ಪಿಟ್ಟಿತು. ದೇವರ ಮಾತು ಕೇಳಿದರೆ ಹೊಟ್ಟೆಯ ಮೇಲೆ ಹೊಡೆದಿರಿ ಎಂದು ಹಾಳೆ ಮುಟ್ಟದೆ ಎದ್ದುಹೋದ. ಆಕೆ ಕೈಕಟ್ಟಿ ಕೂರಲಿಲ್ಲ. ಫಾರಂನಲ್ಲಿದ್ದ ನಂಬರಿಗೆ ಫೋನು ಮಾಡಿ ಅವನ ಹೆಂಡತಿಗೆ ಎಲ್ಲ ಹೇಳಿದಳು. ಅವರು ಎಲ್ಲಿಗೆ ಹೋಗುತ್ತಾರೆಂದು ಗೊತ್ತಾಗದೆ ನಾಲ್ಕು ತಿಂಗಳಿಂದ ಒದ್ದಾಡುತ್ತಿದ್ದೇನೆ ಎಂದು ಹೆಂಡತಿ ನಿಧಾನವಾಗಿ ಹೇಳಿದಳು. ಮರುದಿನವೇ ಅವನನ್ನು ಮೆದುಳಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು.

ಆ ವಾರದ ಪ್ರಾರ್ಥನಾಕೂಟದಲ್ಲಿ ಕಿವಿಯಮ್ಮ, ಯಾರೆಂದು ಹೇಳದೆ, ಹೀಗೊಬ್ಬರಿಗಾಗಿ ಪ್ರಾರ್ಥಿಸಿ ಎಂದು ಕೇಳಿಕೊಂಡಳು. ಹಿರಿಯರ ಕಣ್ಣು ಅರಳಿತು. ಇದು ಕರ್ತನ ಕರೆಯಲ್ಲದೆ ಮತ್ತೇನು, ಆ ಮನುಷ್ಯನನ್ನು ಕರೆತಂದು ಎಲ್ಲರ ಮುಂದೆ ಸಾಕ್ಷಿ ಹೇಳಿಸು, ನೂರು ಜನ ನಂಬುತ್ತಾರೆ ಎಂದರು. ಕೂತವರೆಲ್ಲ ತಲೆಯಾಡಿಸಿದರು.

"ನಮ್ಮ ಮನೆಯಿಂದ ಒಬ್ಬನನ್ನ ಕೊಟ್ಟಾಗಿದೆ" ಎಂದಳು ಆಕೆ. "ಇನ್ನೊಬ್ಬನನ್ನ ಕೊಡಲ್ಲ."

ಸ್ಕ್ಯಾನಿನಲ್ಲಿ ಎಡಗಿವಿಯ ಮೇಲ್ಗಡೆ, ಮೆದುಳಿನೊಳಗೆ, ಬೇಳೆಕಾಳಿನಷ್ಟು ದೊಡ್ಡ ರಕ್ತನಾಳದ ಗಂಟು ಕಂಡಿತು. ಅದು ಆಗಾಗ ಕೆರಳುತ್ತಿತ್ತು. ವಾಸನೆ, ಗಟ್ಟಿ ಬೆಳಕು, ದನಿ ಎಲ್ಲ ಅದರ ಕೆಲಸ ಎಂದು ಡಾಕ್ಟರು ಹೇಳಿ ಮಾತ್ರೆ ಬರೆದುಕೊಟ್ಟರು. ಒಂದೂವರೆ ತಿಂಗಳ ಮೇಲೆ, ಒಂದು ಮಂಗಳವಾರ ಮಧ್ಯಾಹ್ನ, ಕ್ರೇನಿನವನು ಕಿವಿ ವಿಭಾಗದ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಊಟಕ್ಕೆ ಎದ್ದ ಕಿವಿಯಮ್ಮ ಪಕ್ಕದಲ್ಲಿ ಕೂತಳು. ದನಿ ನಿಂತುಹೋಯಿತು ಎಂದ. ಒಳ್ಳೆಯದಾಯಿತಲ್ಲ ಎಂದಳು.

"ಏನೋ ಮೇಡಂ. ಯಾರಿಗೋ ನಾನು ಬೇಕಾಗಿದ್ದೆ ಅಂದ್ಕೊಂಡಿದ್ದೆ."

ಆಕೆ ಡಬ್ಬಿಯ ಅರ್ಧ ಊಟ ಅವನ ಮುಂದಿಟ್ಟಳು.

ಅಲ್ಲಿಂದ ಮುಂದೆ ಮಂಗಳವಾರ ಮಂಗಳವಾರ ಅವನು ಬರುತ್ತಿದ್ದ. ಕಂಪನಿಯವರು ಅವನನ್ನು ಕೆಳಗೆ ಸಾಮಾನಿನ ಉಗ್ರಾಣಕ್ಕೆ ಹಾಕಿದ್ದರು, ವಾರಕ್ಕೊಂದು ಮಧ್ಯಾಹ್ನ ಬಿಡುವು ಸಿಗುತ್ತಿತ್ತು. ಅವನೇ ಕೇಳುತ್ತಿದ್ದ, ಆಕೆ ಹೇಳುತ್ತಿದ್ದಳು. ತೊಂಬತ್ತೊಂಬತ್ತು ಕುರಿ ಬಿಟ್ಟು ಒಂದನ್ನು ಹುಡುಕಿಹೋದ ಕುರುಬನ ಕಥೆಗೆ, ಅಷ್ಟು ಹೊತ್ತು ಉಳಿದವನ್ನು ಕಾದವರು ಯಾರು ಎಂದು ಉಗ್ರಾಣದವನ ಪ್ರಶ್ನೆ ಹಾಕಿ ಆಕೆಯನ್ನು ನಗಿಸಿದ. ಒಂದು ದಿನ ನೇರವಾಗಿ ಕೇಳಿದ: ಸತ್ತು ಎದ್ದು ಬಂದರು ಎನ್ನುತ್ತೀರಿ, ಒಂದು ಸಲವಾದರೂ ಅವರ ದನಿ ನಿಮ್ಮ ಕಿವಿಗೆ ಬಿದ್ದಿದೆಯೇ?

"ಇಲ್ಲ. ಒಂದು ಸಲವೂ ಇಲ್ಲ."

"ಮತ್ತೆ ಹೇಗೆ ನಂಬ್ತೀರಿ?"

ತಮ್ಮ ಹೋದ ಮೇಲೆ ಹಿರಿಯರು ಮುಜುಗರಕ್ಕೆ ಮನೆಯ ಕಡೆ ಬರುವುದನ್ನೇ ಬಿಟ್ಟಿದ್ದರು ಎಂದು ಆಕೆ ಹೇಳಿದಳು. ಹೇಗೆ ಹೋದ ಎಂದು ಹೇಳಲಿಲ್ಲ, ಹೋದ ಎಂದಷ್ಟೇ. ಆ ದಿನಗಳಲ್ಲಿ ಸುವಾರ್ತೆ ಓದುವಾಗ, ಗೆಳೆಯನ ಗೋರಿಯ ಮುಂದೆ ಯೇಸು ಅತ್ತರು ಎಂಬಲ್ಲಿಗೆ ಬಂದು ನಿಂತುಬಿಟ್ಟಳಂತೆ. ಇನ್ನೊಂದು ಗಳಿಗೆಗೆ ಅವನನ್ನು ಎಬ್ಬಿಸುತ್ತೇನೆಂದು ಗೊತ್ತಿದ್ದೂ ಅತ್ತರಲ್ಲ. "ನನ್ನ ಜೊತೆ ಅಳೋಕೆ ಬೇರೆ ಯಾರೂ ಬರಲಿಲ್ಲ. ಅವರನ್ನ ಬಿಟ್ಟು ಎಲ್ಲಿಗೆ ಹೋಗಲಿ?" ಎಂದಳು.

ಇದನ್ನು ಕೇಳಿದ ಮೇಲೆಯೇ ಇರಬೇಕು, ಮುಂದಿನ ಮಂಗಳವಾರ ಅವನು ತುತ್ತು ಮುಟ್ಟದೆ ಕೂತಿದ್ದ. ಒಂದು ವಿಷಯ ಡಾಕ್ಟರಿಗೂ ಹೇಳಿಲ್ಲ ಎಂದ. ಮೇಲೆ ಗೂಡಿನಲ್ಲಿ ಯಾವಾಗಲೂ "ಇಳಿದು ಬಾ" ಎನ್ನುತ್ತಿದ್ದ ದನಿ, ಇಲ್ಲಿ, ಈ ಕೋಣೆಯಲ್ಲಿ, ಹಾಗೆನ್ನಲಿಲ್ಲ. ಏಳು ಸಲವೂ ಒಂದು ಹೆಸರು ಹಿಡಿದು ಕರೆಯಿತು. ಅದು ಅವನ ಹೆಸರಲ್ಲ. ಅವನಿಗೆ ಗೊತ್ತಿರುವ ಯಾರ ಹೆಸರೂ ಅಲ್ಲ.

"ಏನಂತ ಕರೀತು?"

"ಗುಬ್ಬಕ್ಕ ಅಂತು."

ಕಿವಿಯಮ್ಮ ಡಬ್ಬಿ ಮುಚ್ಚಿ, ಹೊತ್ತಾಯಿತು ಎಂದು ಎದ್ದು ಒಳಗೆ ಹೋದಳು. ಆ ಹೆಸರಿನಿಂದ ಅವಳನ್ನು ಕರೆಯುತ್ತಿದ್ದವನು ಲೋಕದಲ್ಲಿ ಒಬ್ಬನೇ. ಗುಬ್ಬಿಮರಿಯಷ್ಟು ತಿನ್ನುತ್ತಾಳೆಂದು ಛೇಡಿಸಲು ಹುಟ್ಟಿದ ಹೆಸರು, ಅವನ ಬಾಯಿಬಿಟ್ಟು ಇನ್ನೊಬ್ಬರ ಬಾಯಿಗೆ ಹೋಗಿರಲಿಲ್ಲ. ಅವ್ವ ಕೂಡ ಹಾಗೆ ಕರೆದವಳಲ್ಲ.

ಆ ಮಧ್ಯಾಹ್ನ ಆಕೆ ಕೆಂಪು ಸೊನ್ನೆ ಹಾಕುವಲ್ಲಿ ನೀಲಿ ಇಂಟು ಹಾಕಿದಳು. ಐದು ಗಂಟೆಗೆ ಎಲ್ಲರೂ ಹೋದ ಮೇಲೆ ಕೋಣೆಯೊಳಗೆ ಹೋಗಿ ಎರಡೂ ಬಾಗಿಲು ಎಳೆದುಕೊಂಡು ಕುರ್ಚಿಯಲ್ಲಿ ಕೂತಳು. ಎದೆಬಡಿತ ಕೇಳಿಸಿತು. ಮೂಳೆಯ ಸದ್ದು ಕೇಳಿಸಿತು. ಆಮೇಲೆ ನೆತ್ತರು ಹರಿಯುವ ಸುಯ್ಯೆನ್ನುವ ಸದ್ದು. ಎಡಗಡೆಯ ಗೋಡೆಯನ್ನು ನೋಡುತ್ತಾ ಕೂತೇ ಇದ್ದಳು. ಗುಡಿಸುವವಳು ಬಂದು ಬಾಗಿಲು ತೆರೆದಾಗ ಐವತ್ತು ನಿಮಿಷ ಕಳೆದಿತ್ತು. ಮರುದಿನವೂ ಕೂತಳು. ಮೂರು ವಾರ, ಒಂದು ಸಂಜೆಯೂ ತಪ್ಪದೆ. ಕೊನೆಕೊನೆಗೆ ಒಳಗೆ ಹೋದಾಗ ಕುರ್ಚಿಯ ಕೂರುವ ಜಾಗ ಆಗಲೇ ಬೆಚ್ಚಗಿರುವಂತೆ ಅನಿಸತೊಡಗಿತು. ತನ್ನ ಮೈಬಿಸಿಯೇ ಇರಬೇಕೆಂದು ತನಗೆ ತಾನೇ ಹೇಳಿಕೊಂಡಳು, ಆದರೂ ಕೂರುವ ಮೊದಲು ಕೈಯಿಟ್ಟು ನೋಡುವುದನ್ನು ಬಿಡಲಾಗಲಿಲ್ಲ. ಮನೆಯಲ್ಲಿ ಏನೂ ಹೇಳಿರಲಿಲ್ಲ. ಒಂದು ಸಂಜೆ ಒಳಗೆ ಕಾಲಿಡುತ್ತಿದ್ದಂತೆ, ಗುಡುಗಿದರೂ ಕೇಳಿಸದ ತಾಯಿ ಬಟಾಣಿ ಸುಲಿಯುತ್ತಾ, ತಲೆಯೆತ್ತದೆ, ಮಧ್ಯಾಹ್ನ ನಿನ್ನನ್ನು ಯಾರೋ ಕರೆಯುತ್ತಿದ್ದರು, ಕೆಲಸಕ್ಕೆ ಹೋಗಿದ್ದಾಳೆ ಅಂದೆ ಎಂದಳು. ಯಾರು ಎಂದು ಮಗಳು ಕಿವಿಯ ಹತ್ತಿರ ಕೂಗಿ ಕೇಳಿದಳು. ಮುದುಕಿಗೆ ಕೇಳಿಸಲಿಲ್ಲ. ಸಿಪ್ಪೆ ಬಳಿದು ಒಳಗೆ ಹೋದಳು.

ಮುಂದಿನ ಮಂಗಳವಾರ ಬೆಂಚಿನ ಮೇಲೆ ಮಾತು ಆಕೆಯ ಬಾಯಿಂದ ತಾನೇ ಜಾರಿತು. "ಮಾತ್ರೆ ಒಂದೆರಡು ದಿನ ಬಿಟ್ಟರೆ, ಅದು ಮತ್ತೆ ಬರುತ್ತೇನೋ?"

ಕ್ರೇನಿನವನು ಬೆಪ್ಪಾಗಿ ನೋಡಿದ. ಆಗ ಆಕೆ ಎಲ್ಲ ಹೇಳಿದಳು. ಅರ್ಧ ಉಂಡ ತಟ್ಟೆ, ಖಾಲಿ ಬಾಗಿಲಿಗೆ ಹೇಳಿದ "ಬಂದೆ", ಗುಬ್ಬಕ್ಕ ಎಂದು ಕರೆಯುತ್ತಿದ್ದವನು ಯಾರೆಂಬುದು, ಸಂಜೆ ಸಂಜೆ ತಾನು ಎಲ್ಲಿ ಕೂರುತ್ತೇನೆಂಬುದು. ಹೇಳುತ್ತಾ ನಾಚಿಕೆಯಿಂದ ತಲೆ ತಗ್ಗಿಸಿದಳು. ದನಿ ಹಿಂದೆ ಹೋಗಬೇಡ ಎಂದು ಅವನಿಗೆ ಬರೆದುಕೊಟ್ಟವಳು ಅವಳೇ.

ಅವನು ಡಬ್ಬಿಯನ್ನು ಪಕ್ಕಕ್ಕೆ ಸರಿಸಿದ. "ಬಿಡ್ತೀನಿ ಮೇಡಂ. ನೀವು ಹೇಳಿದ್ರೆ ಇವತ್ತೇ ಬಿಡ್ತೀನಿ" ಎಂದ. "ಆದ್ರೆ ಕರೆದಿದ್ದು ನಿಮ್ಮ ತಮ್ಮನೇ ಅಂತ ಬರೆದು ಸಹಿ ಹಾಕ್ತೀರಾ?"

"ಗೊತ್ತಿಲ್ಲ" ಎಂದಳು.

"ಅವತ್ತೂ ಅದನ್ನೇ ಅಂದ್ರಿ. ನಾನು ಕೇಳಿದ ಎಲ್ಲರಿಗೂ ಎಲ್ಲ ಗೊತ್ತಿತ್ತು. ಗೊತ್ತಿಲ್ಲ ಅಂದೋರು ನೀವೊಬ್ಬರೇ. ನಾನು ಇಲ್ಲಿಗೆ ತಿರುಗಿ ಬಂದಿದ್ದೇ ಅದಕ್ಕೆ."

ಕಾರಿಡಾರಿನಲ್ಲಿ ಯಾರೋ ತಳ್ಳುಗಾಡಿ ದೂಡಿಕೊಂಡು ಹೋದರು. ಆಮೇಲೆ ಅವನು, ನಿಮ್ಮ ಹಾಗೆ ಪ್ರಾರ್ಥನೆ ಮಾಡುವುದು ಹೇಗೆ ಎಂದು ಕೇಳಿದ. ಇದ್ದದ್ದು ಇದ್ದ ಹಾಗೆ ಹೇಳಿದರಾಯಿತು ಎಂದಳು. ಅವನು ಒರಟು ಕೈಗಳೆರಡನ್ನೂ ಮಂಡಿಯ ಮೇಲಿಟ್ಟುಕೊಂಡು, ಎದುರಿನ ಗೋಡೆ ನೋಡುತ್ತಾ ಹೇಳಿದ:

"ಯೇಸುವೇ, ಇವರ ತಮ್ಮ ಎಲ್ಲಿದ್ದಾನೋ ನಮಗೆ ಗೊತ್ತಿಲ್ಲ. ನಿಮಗೆ ಗೊತ್ತಿರಬೇಕು. ನೋಡ್ಕೊಳ್ಳಿ."

ಮೂವತ್ತೈದು ವರ್ಷದಲ್ಲಿ ಅವಳು ತಮ್ಮನನ್ನು ಹಿಂದಕ್ಕೆ ಕೊಡು ಎಂದು ಬೇಡಿದ್ದಳೇ ಹೊರತು, ನೋಡಿಕೋ ಎಂದು ಒಪ್ಪಿಸಿರಲಿಲ್ಲ. ಆ ಬೆಂಚಿನ ಮೇಲೆಯೇ, ಹೋಗುವ ಬರುವವರ ಮುಂದೆ, ಮುಖ ಮುಚ್ಚಿಕೊಳ್ಳದೆ ಅತ್ತಳು. ಆ ಸಂಜೆ ಐದಕ್ಕೆ ಕೋಣೆಗೆ ಹೊರಗಿನಿಂದ ಬೀಗ ಹಾಕಿ ನೇರ ಮನೆಗೆ ಹೋದಳು.

ಆ ಏಳು ಸಲದ ವಿಷಯ ಕೊನೆಗೂ ಬಗೆಹರಿಯಲಿಲ್ಲ. ಡಾಕ್ಟರಿಗೆ ಹೇಳಿದಾಗ ಅವರು ನಕ್ಕು, ಅಕ್ಕಂದಿರನ್ನು ಹಾಗೆ ಕರೆಯುವ ಮಕ್ಕಳು ಎಷ್ಟು ಜನವಿಲ್ಲ, ಕಾರಿಡಾರಿನಲ್ಲಿ ಕಿವಿಗೆ ಬಿದ್ದದ್ದನ್ನೇ ಕೆರಳಿದ ಮೆದುಳು ಹೇಳಿರಬೇಕು ಎಂದರು. ಇರಬಹುದು ಎಂದಳು ಕಿವಿಯಮ್ಮ. ಅಲ್ಲ ಎನ್ನಲೂ ಇಲ್ಲ, ಹೌದು ಎನ್ನಲೂ ಇಲ್ಲ.

ಎರಡು ವರ್ಷದ ಮೇಲೆ ಕ್ರೇನಿನವನು ದೀಕ್ಷಾಸ್ನಾನ ತೆಗೆದುಕೊಂಡ. ಆ ಭಾನುವಾರ ಚರ್ಚು ತುಂಬಿತ್ತು. ಹಿರಿಯರು ಅವನನ್ನು ಮುಂದೆ ನಿಲ್ಲಿಸಿ, ನಿನ್ನನ್ನು ಕರೆದ ದನಿಯ ವಿಷಯ ಎಲ್ಲರಿಗೂ ಹೇಳು ಎಂದರು. ತಲೆ ಇನ್ನೂ ಒದ್ದೆಯಿತ್ತು.

"ಆ ದನಿ ಕಾಯಿಲೆ. ಅದಕ್ಕೆ ಮಾತ್ರೆ ಇದೆ" ಎಂದ. "ಈಗ ನನಗೆ ಏನೂ ಕೇಳಿಸಲ್ಲ. ಆದ್ರೂ ಬಂದಿದ್ದೀನಿ."

ಅಷ್ಟು ಹೇಳಿ ಕೂತುಬಿಟ್ಟ. ಹಿರಿಯರು ಅವಸರದಲ್ಲಿ ಹಾಡು ಎತ್ತಿಕೊಂಡರು. ಆದರೆ ಸಭೆ ಮುಗಿದ ಮೇಲೆ ಅವನನ್ನು ಹುಡುಕಿಕೊಂಡು ಮೂವರು ಬಂದರು. ಅವರಲ್ಲೊಬ್ಬ ಮುದುಕ, ತಾನೂ ಐವತ್ತು ವರ್ಷದಿಂದ ಏನೂ ಕೇಳಿಸದೆ ಬರುತ್ತಿದ್ದೇನೆ, ಯಾರಿಗೂ ಹೇಳಲು ಧೈರ್ಯವಿರಲಿಲ್ಲ ಎಂದ.

ಅವನ ಹೆಂಡತಿ ದೀಕ್ಷೆ ತೆಗೆದುಕೊಳ್ಳಲಿಲ್ಲ. ಭಾನುವಾರ ಜೊತೆಗೆ ಬರುತ್ತಾಳೆ, ಹೊರಗಿನ ಮೆಟ್ಟಿಲ ಮೇಲೆ ಕಿವಿಯಮ್ಮನ ತಾಯಿಯ ಪಕ್ಕ ಕೂತು, ಕೇಳಿಸದ ಮುದುಕಿಗೆ ತನ್ನ ಕಷ್ಟಸುಖವನ್ನೆಲ್ಲ ಹೇಳಿಕೊಳ್ಳುತ್ತಾಳೆ. ಒಳಗೆ ಬಾರಮ್ಮ ಎಂದು ಒಮ್ಮೆ ಯಾರೋ ಕರೆದರಂತೆ. ನಿಮ್ಮ ದೇವರ ವಿಷಯ ನಿಧಾನಕ್ಕೆ ನೋಡೋಣ ಎಂದಳಂತೆ ಅವಳು; ಸದ್ಯಕ್ಕೆ ಗಂಡ ಮನೆಯಿಂದ ಹೊರಟರೆ ಎಲ್ಲಿಗೆ ಹೋಗುತ್ತಾನೆಂದು ಗೊತ್ತಿದೆ, ತನಗೆ ಅಷ್ಟು ಸಾಕು.